ಹೊಸೂರು ಸೀಮೆಯ ಶಿಲಾವೃತ್ತ ನೋಡಲು ಹೊರಟ ಗೆಳೆಯನಿಗೊಂದು ಪತ್ರ

ಗೆಳೆಯಾ,

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಕೆರೆ ಹಿಂದಿನ ಗುಡ್ಡದ ಬುಡಕ್ಕೆ ಹೋಗಿ, ಲಂಟಾನದ ಪೊದೆಯೊಳಗೆ ದುಂಡಗೆ ಕೂತಿರುವ ಆ ಕಲ್ಲುಗಳನ್ನು ನೋಡಿ ಬರುತ್ತೇನೆ ಅಂತ ಬರೆದಿದ್ದೀಯ. ಹೋಗು, ಆದರೆ ಬರಿಗೈಯಲ್ಲಿ ಹೋಗಬೇಡ. ನಮ್ಮ ಹೊಸೂರು, ದೆಂಕಣಿಕೋಟೆ, ಶೂಲಗಿರಿ ಸೀಮೆಯ ಶಿಲಾವೃತ್ತಗಳು ಒಂದೇ ದಿನಕ್ಕೆ ಹಾಳಾಗುವುದು ಕಡಿಮೆ. ಈ ವರ್ಷ ಬದುವಿಗೆ ಎರಡು ಕಲ್ಲು ಹೋಗುತ್ತವೆ, ಮುಂದಿನ ವರ್ಷ ಕೊಟ್ಟಿಗೆಯ ತಳಪಾಯಕ್ಕೆ ಮೂರು. ಕೊನೆಗೆ ಉಳಿದ ನಾಲ್ಕೈದು ಕಲ್ಲು ನೋಡಿದವರಿಗೆ ಅಲ್ಲೊಂದು ವೃತ್ತ ಇತ್ತು ಅನ್ನುವುದೇ ಹೊಳೆಯುವುದಿಲ್ಲ. ಇವತ್ತು ಎಷ್ಟು ಕಲ್ಲು, ಯಾವ ಜಾಗದಲ್ಲಿ, ಎಷ್ಟು ದೂರಕ್ಕೆ ಇವೆ ಅನ್ನುವುದಕ್ಕೆ ಅಳತೆ ಹಾಕಿದ ಒಂದು ಹಾಳೆ ಇದ್ದರೆ, ನಾಳೆ ಒಂದು ಕಲ್ಲು ಕದಲಿದರೂ ಗೊತ್ತಾಗುತ್ತದೆ. ಆ ಹಾಳೆ ಮಾಡುವುದು ಹೇಗೆ ಅಂತ ತಿಳಿಸಲಿಕ್ಕೇ ಈ ಉದ್ದ ಪತ್ರ. ಬೇರೆಯವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಹಾಗಾಗಿ ನಿಮ್ಮೂರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಕಾರಣ ಮುಂದೆ ಬರುತ್ತದೆ.

ಸಂಕ್ರಾಂತಿ ಕಳೆಯಲಿ ಅಂದದ್ದು ಸರಿಯಾಗಿದೆ. ಮಳೆಗಾಲದಲ್ಲಿ ಹುಲ್ಲು ಮೊಣಕಾಲೆತ್ತರ ಬಂದು ಸಣ್ಣ ಕಲ್ಲುಗಳು ಮುಚ್ಚಿಹೋಗಿರುತ್ತವೆ. ರಾಗಿ ಕೊಯ್ಲಿನ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ, ತಳಿ ದಾಟಿ ಸಾನಮಾವು ಕಾಡಿನ ತನಕ ಆನೆ ಹಿಂಡು ಬರುತ್ತದೆ. ಜನವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಹುಲ್ಲು ಒಣಗಿ ಮಲಗಿರುತ್ತದೆ, ಬಿಸಿಲೂ ತಡೆಯುವಷ್ಟಿರುತ್ತದೆ. ಆಗಲೂ ಹಿಂದಿನ ರಾತ್ರಿ ಆನೆ ಬಂದಿತ್ತೇ ಅಂತ ಅರಣ್ಯ ಇಲಾಖೆಯ ವಾಚರನ್ನೋ ಹೊಲ ಕಾಯುವವರನ್ನೋ ಕೇಳಿಕೊಂಡೇ ಹೊರಡು. ಬೆಳಗ್ಗೆ 7ರಿಂದ 10ರವರೆಗೆ ಕೆಲಸಕ್ಕೆ ಒಳ್ಳೆಯ ಹೊತ್ತು: ಓರೆ ಬಿಸಿಲಿಗೆ ನೆಲದ ಉಬ್ಬುತಗ್ಗು ನೆರಳು ಬಿಟ್ಟು ತಾನಾಗೇ ಕಾಣುತ್ತದೆ, ಅದೇ ಜಾಗ ಮಧ್ಯಾಹ್ನ ಚಪ್ಪಟೆಯಾಗಿ ಕಾಣುತ್ತದೆ. ಸಂಜೆ ಬೆಳಕೂ ಅಷ್ಟೇ ಚೆನ್ನ, ಆದರೆ ಕಾಡಂಚಿನಲ್ಲಿ ಸಂಜೆ ಬೇಡ. ಕಾಲಿಗೆ ಪಾದ ಮುಚ್ಚುವ ಬೂಟು ಇರಲಿ. ಕಲ್ಲಿನ ಸಂದಿಗೆ ಕೈ ಹಾಕಬೇಡ, ಕೊಳಕುಮಂಡಲಕ್ಕೂ ಚೇಳಿಗೂ ಅದೇ ಮನೆ. ಮೇಲಿನ ಬಂಡೆಯಲ್ಲಿ ಹೆಜ್ಜೇನು ಕಟ್ಟಿದ್ದರೆ ಹೊಗೆ, ಸೆಂಟು, ಗದ್ದಲ ಯಾವುದೂ ಕೂಡದು.

ಈಗ ಅದು ಏನು ಅನ್ನುವ ವಿಷಯ. ದಕ್ಷಿಣ ಭಾರತದ ಶಿಲಾವೃತ್ತಗಳಲ್ಲಿ ಬಹುಪಾಲು ಸಮಾಧಿಗಳು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಎರಡು ಬಗೆ ಸ್ಪಷ್ಟವಾಯಿತು: ವೃತ್ತದೊಳಗೆ ಚಪ್ಪಡಿಗಳಿಂದ ಕಟ್ಟಿದ ಪೆಟ್ಟಿಗೆ ಇರುವುದು ಒಂದು, ಪೆಟ್ಟಿಗೆ ಇಲ್ಲದೆ ಬರಿಯ ಗುಂಡಿ ಇರುವುದು ಇನ್ನೊಂದು. ಪೆಟ್ಟಿಗೆಯ ನಾಲ್ಕು ಚಪ್ಪಡಿಗಳನ್ನು ಮೂಲೆಗೆ ಮೂಲೆ ಸೇರಿಸಿ ನಿಲ್ಲಿಸಿರುವುದಿಲ್ಲ. ಒಂದರ ತುದಿ ಇನ್ನೊಂದನ್ನು ದಾಟಿ ಹೊರಗೆ ಚಾಚಿರುತ್ತದೆ, ಮೇಲಿನಿಂದ ನೋಡಿದರೆ ಸ್ವಸ್ತಿಕ. ಅದರಲ್ಲಿ ಜಾಣತನವಿದೆ: ಹೊರಗಿನ ಮಣ್ಣು ಒತ್ತಿದಾಗ ಪ್ರತಿ ಚಪ್ಪಡಿಯೂ ಪಕ್ಕದ ಚಪ್ಪಡಿಗೆ ಒರಗುತ್ತದೆ, ಒಳಕ್ಕೆ ಬೀಳುವುದಿಲ್ಲ. ಸಾಮಾನ್ಯವಾಗಿ ಪೂರ್ವದ ಚಪ್ಪಡಿಯಲ್ಲಿ ದುಂಡು ಕಿಂಡಿ, ಮೇಲೊಂದು ಮುಚ್ಚುಗಲ್ಲು, ಕೆಳಗೊಂದು ಹಾಸುಗಲ್ಲು. ಪೆಟ್ಟಿಗೆಯ ಸುತ್ತ ಗರಸು, ಜಲ್ಲಿ, ಮಣ್ಣು ತುಂಬಿ ತಗ್ಗಾದ ದಿಬ್ಬ ಮಾಡಿ, ಆ ದಿಬ್ಬದ ಅಂಚು ಜಾರದಂತೆ ಉಂಡೆಕಲ್ಲುಗಳನ್ನು ಸುತ್ತಲೂ ಕೂರಿಸುತ್ತಿದ್ದರು. ನಿನಗೆ ಕಾಣುವ ವೃತ್ತ ಅಂದರೆ ಈ ಕೊನೆಯ ಅಂಚು ಮಾತ್ರ. ಒಳಗೆ ಇಡೀ ದೇಹ ಸಿಗುವುದಕ್ಕಿಂತ ಬೇರೆ ಕಡೆಯಿಂದ ಆರಿಸಿ ತಂದಿಟ್ಟ ಮೂಳೆಗಳು ಸಿಗುವುದೇ ಹೆಚ್ಚು, ಒಂದೇ ಪೆಟ್ಟಿಗೆಯಲ್ಲಿ ಹಲವರವು. ಜೊತೆಗೆ ಮಡಕೆ ಕುಡಿಕೆ, ಕಬ್ಬಿಣದ ಕತ್ತಿ, ಈಟಿಯ ಮೊನೆ, ಕೆಲವೊಮ್ಮೆ ಕೆಂಪು ಮಣಿಗಳು.

ಎಷ್ಟು ಹಳೆಯದು ಅಂತ ಊರಿನವರು ಮೊದಲು ಕೇಳುತ್ತಾರೆ. ನಮ್ಮದೇ ಕೃಷ್ಣಗಿರಿ ಜಿಲ್ಲೆಯ ಬರಗೂರು ಕಡೆಯ ಮಯಿಲಾಡುಂಪಾರೈಯಲ್ಲಿ ಕಬ್ಬಿಣ ಸಿಕ್ಕಿದ ಪದರದ ಕಾಲ ಕ್ರಿ.ಪೂ. 2172 ಅಂತ ತಮಿಳುನಾಡು ಸರ್ಕಾರ 2022ರ ಮೇ ತಿಂಗಳಲ್ಲಿ ಪ್ರಕಟಿಸಿತು. ಆ ಅಂಕಿಯನ್ನು ತಂದು ನಿಮ್ಮೂರ ವೃತ್ತಕ್ಕೆ ಅಂಟಿಸಬೇಡ. ಅದು ಅಲ್ಲಿ ಜನ ವಾಸವಿದ್ದ ನೆಲದ ಪದರದಿಂದ ಬಂದ ಲೆಕ್ಕ, ಬೇರೆ ಊರಿನ ಸಮಾಧಿಗೆ ಅದು ಸಲ್ಲುವುದಿಲ್ಲ. ಅಗೆಯದ, ಕಾಲನಿರ್ಣಯ ಮಾಡದ ವೃತ್ತಕ್ಕೆ "ಕಬ್ಬಿಣ ಯುಗದ್ದು, ಎರಡು ಸಾವಿರ ವರ್ಷಕ್ಕೂ ಹಿಂದಿನದಿರಬೇಕು" ಅನ್ನುವಷ್ಟೇ ನ್ಯಾಯ.

ಅಲ್ಲಿಗೆ ಹೋದ ಮೇಲೆ ಮೊದಲ ಪ್ರಶ್ನೆ: ಇದು ನಿಜಕ್ಕೂ ಶಿಲಾವೃತ್ತವೇ? ನಮ್ಮ ಕಡೆ ದುಂಡಗೆ ಕಲ್ಲಿಡುವ ಕೆಲಸ ಬೇಕಾದಷ್ಟಿದೆ. ಹಳೆಯ ಕಣವಾದರೆ ಒಳನೆಲ ಸಮತಟ್ಟಾಗಿ ಗಟ್ಟಿಯಾಗಿರುತ್ತದೆ, ನಡುವೆ ಮೇಟಿ ನೆಟ್ಟ ಕುಳಿ ಸಿಕ್ಕರೂ ಸಿಗಬಹುದು. ಕುರಿದೊಡ್ಡಿಯಾದರೆ ಕಲ್ಲನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ, ಒಂದು ಕಡೆ ಬಾಗಿಲಿಗೆ ಜಾಗ ಬಿಟ್ಟಿರುತ್ತಾರೆ, ಒಳಗಿನ ಮಣ್ಣು ಗೊಬ್ಬರದಿಂದ ಕಪ್ಪಾಗಿರುತ್ತದೆ. ಹುಲ್ಲಿನ ಮೆದೆಗೆ ಇಟ್ಟ ಕಲ್ಲುಗಳು ಒಬ್ಬನೇ ಎತ್ತುವಷ್ಟು ಚಿಕ್ಕವು, ನೆಲದ ಮೇಲೆ ಸುಮ್ಮನೆ ಕೂತಿರುತ್ತವೆ. ಶಿಲಾವೃತ್ತದ ಕಲ್ಲು ಹಾಗಲ್ಲ, ಒಂದು ಭಾಗ ನೆಲದೊಳಗೆ ಹೂತಿರುತ್ತದೆ. ಒಳಗಿನ ನೆಲ ಹೊರಗಿಗಿಂತ ಎತ್ತರ, ಗರಸು ತುಂಬಿದ್ದರಿಂದ ಅಲ್ಲಿ ಹುಲ್ಲು ಬೇರೆ ಬಗೆಯಲ್ಲಿ ಬೆಳೆದಿರುತ್ತದೆ. ನಡುವೆ ಚಪ್ಪಡಿಯ ಅಂಚು ಗೆರೆಯಂತೆ ತಲೆ ಎತ್ತಿದ್ದರೆ ಅನುಮಾನವೇ ಬೇಡ. ಒಂದು ಕಂಡರೆ ಸುತ್ತಲಿನ ಇನ್ನೂರು ಮೀಟರ್ ನಿಧಾನವಾಗಿ ನಡೆದು ನೋಡು, ಇವು ಒಂಟಿಯಾಗಿ ಇರುವುದು ಅಪರೂಪ. ಬೇಸಾಯಕ್ಕೆ ಬಾರದ ಗರಸು ನೆಲ, ಹತ್ತಿರದಲ್ಲೇ ಪದರ ಏಳುವ ಬಂಡೆ, ಕೆಳಗೊಂದು ಕೆರೆ: ಈ ಮೂರು ಸೇರಿದ ಕಡೆ ಇನ್ನಷ್ಟು ಇದ್ದೇ ಇರುತ್ತವೆ ಅಂದುಕೊಂಡು ಹುಡುಕು.

ಸಾಧ್ಯವಾದರೆ ಅದಕ್ಕೂ ಮೊದಲು ಶೂಲಗಿರಿ ಕಡೆಯ ಮಲ್ಲಚಂದ್ರಂ ಗುಡ್ಡ ಹತ್ತಿ ಬಾ. ಅಲ್ಲಿ ಕಲ್ಮನೆಗಳು, ಅಂದರೆ ಇದೇ ಬಗೆಯ ಚಪ್ಪಡಿ ಸಮಾಧಿಗಳು, ನೆಲದ ಮೇಲೇ ನಿಂತಿವೆ. ಕಿಂಡಿ ಕೊರೆದ ಚಪ್ಪಡಿ, ಮುಚ್ಚುಗಲ್ಲು, ಸುತ್ತಲೂ ದುಂಡುತಲೆಯ ಚಪ್ಪಡಿ ಒಂದು, ಚಪ್ಪಟೆತಲೆಯದು ಒಂದು ಹೀಗೆ ಸರದಿಯ ಮೇಲೆ ನಿಲ್ಲಿಸಿದ ವೃತ್ತ. ಪೂರ್ಣವಾಗಿರುವುದನ್ನು ಒಮ್ಮೆ ಕಣ್ಣಲ್ಲಿ ತುಂಬಿಕೊಂಡರೆ ಮುರಿದದ್ದರಲ್ಲಿ ಏನಿಲ್ಲ ಅನ್ನುವುದು ತಾನೇ ಗೊತ್ತಾಗುತ್ತದೆ. ಅಲ್ಲಿನ ಮುಚ್ಚುಗಲ್ಲುಗಳ ತೂಕ ಅಂದಾಜಿಸಲು ಸುಲಭ ಲೆಕ್ಕವಿದೆ: ಉದ್ದ, ಅಗಲ, ದಪ್ಪ ಮೀಟರಿನಲ್ಲಿ ಗುಣಿಸಿ 2.65ರಿಂದ ಮತ್ತೆ ಗುಣಿಸಿದರೆ ಟನ್ನು ಬರುತ್ತದೆ. ಎರಡೂವರೆ ಮೀಟರ್ ಉದ್ದ, 2 ಮೀಟರ್ ಅಗಲ, ಕಾಲು ಮೀಟರ್ ದಪ್ಪದ ಚಪ್ಪಡಿ 3.3 ಟನ್. ಕ್ರೇನು ಇಲ್ಲದ ಕಾಲದಲ್ಲಿ ಅದನ್ನು ಗುಡ್ಡದ ಮೇಲೆ ಎಬ್ಬಿಸಿ ಕೂರಿಸಿದ ಜನರ ಬಗ್ಗೆ ಗೌರವ ಬರದೆ ಇರುವುದಿಲ್ಲ ಕಣಯ್ಯಾ.

ತೆಗೆದುಕೊಂಡು ಹೋಗಬೇಕಾದ್ದು ಇಷ್ಟು: 30 ಮೀಟರಿನ ನಾರಿನ ಟೇಪು, 5 ಮೀಟರಿನ ಚಿಕ್ಕ ಟೇಪು, ದಿಕ್ಸೂಚಿ, 20 ಸೆಂಟಿಮೀಟರಿಗೊಂದು ಕೆಂಪು-ಬಿಳಿ ಪಟ್ಟಿ ಬಳಿದ 2 ಮೀಟರಿನ ಕೋಲು, ಎ3 ಅಳತೆಯ ಗ್ರಾಫ್ ಹಾಳೆ ನಾಲ್ಕು, ಕೈವಾರ, ಪೆನ್ಸಿಲು, ನಂಬರ್ ಬರೆದ ಕಾಗದದ ಚೀಟಿಗಳು, ಕುಡುಗೋಲು. ಜೊತೆಗೆ ಇಬ್ಬರು ಇದ್ದರೆ ಸಾಕು, ಹತ್ತು ಜನ ಹೋದರೆ ತುಳಿದಾಟವೇ ಹೆಚ್ಚು. ಸುಣ್ಣ, ಸೀಮೆಸುಣ್ಣ, ಪೇಂಟು ಯಾವುದೂ ಬೇಡ. ಕಲ್ಲಿಗೆ ನಂಬರ್ ಬೇಕಿದ್ದರೆ ಚೀಟಿಯನ್ನು ಅದರ ಮೇಲಿಟ್ಟು ಸಣ್ಣ ಕಲ್ಲು ಹೇರು, ಕೆಲಸ ಮುಗಿದ ಮೇಲೆ ಎಲ್ಲ ಚೀಟಿ ಎಣಿಸಿ ವಾಪಸ್ ತಾ.

ಲಂಟಾನ ತೆಗೆಯುವಾಗ ಎಚ್ಚರ. ಬೇರು ಸಮೇತ ಕೀಳಬೇಡ. ಬೇರು ಗರಸಿನೊಳಗೆ, ಚಪ್ಪಡಿಯ ಸಂದಿಗೆ ಇಳಿದಿರುತ್ತದೆ, ಎಳೆದರೆ ಮಡಕೆ ಚೂರೂ ಮಣ್ಣೂ ಒಟ್ಟಿಗೆ ಮೇಲೆ ಬರುತ್ತವೆ, ಯಾವುದು ಎಲ್ಲಿತ್ತು ಅನ್ನುವ ಮಾಹಿತಿ ಅಲ್ಲಿಗೆ ಮುಗಿಯಿತು. ನೆಲದಿಂದ ಒಂದು ಗೇಣು ಮೇಲೆ ಕುಯ್ದು ಹೊರಗೆ ಹೊತ್ತು ಹಾಕು. ಅದನ್ನು ಅಲ್ಲೇ ಸುಡುವುದಂತೂ ಕೂಡಲೇ ಕೂಡದು. ಬೆಂಕಿಯ ಕಾವಿಗೆ ಗ್ರಾನೈಟಿನೊಳಗಿನ ಬೆಣಚು ಹಿಗ್ಗಿ ಕಲ್ಲಿನ ಮೈ ಚಕ್ಕೆ ಚಕ್ಕೆಯಾಗಿ ಸಿಡಿಯುತ್ತದೆ. ಬಂಡೆಯಿಂದ ಚಪ್ಪಡಿ ಎಬ್ಬಿಸಲು ಹಿಂದಿನವರು ಬೆಂಕಿ ಹಾಕುತ್ತಿದ್ದದ್ದೂ ಇದೇ ಕಾರಣಕ್ಕೆ. ಬೇಲಿ ಸವರಲು ಹಚ್ಚಿದ ಬೆಂಕಿಯೇ ಎಷ್ಟೋ ಕಲ್ಮನೆಗಳ ಕಿಂಡಿ ಚಪ್ಪಡಿಯನ್ನು ಸೀಳಿರುತ್ತದೆ.

ಇನ್ನು ನಕ್ಷೆ. ಇದೇ ಮುಖ್ಯ ಕೆಲಸ, ಇದಕ್ಕೆ ಅರ್ಧ ದಿನ ಇಟ್ಟುಕೋ. ವೃತ್ತದ ಅಡ್ಡಳತೆ ಸುಮಾರು 10 ಮೀಟರ್ ಇದೆ ಅಂದುಕೋ. ಅಂಚಿನಿಂದ 3 ಮೀಟರ್ ಆಚೆ, 12 ಮೀಟರ್ ಅಂತರದಲ್ಲಿ ಎರಡು ಬಿಂದು ಗುರುತಿಸು, ಒಂದು ಅ, ಇನ್ನೊಂದು ಬ. ವೃತ್ತದೊಳಗೆ ಗೂಟ ಹೊಡೆಯಬಾರದು, ಹೊರಗೂ ಆದಷ್ಟು ನೆಲಬಂಡೆಯ ಮೇಲಿನ ಸಹಜ ಗುರುತನ್ನೇ ಬಿಂದುವಾಗಿ ಹಿಡಿ. ಉತ್ತರದಿಂದ ಶುರುಮಾಡಿ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಕಲ್ಲುಗಳಿಗೆ 1, 2, 3 ಅಂತ ನಂಬರ್ ಕೊಡು. ಪ್ರತಿ ಕಲ್ಲಿನ ನಡುವಿಗೆ ಅ ಇಂದ ಎಷ್ಟು, ಬ ಇಂದ ಎಷ್ಟು ಅಂತ ಎರಡು ಅಳತೆ. ಹಾಳೆಯ ಮೇಲೆ 2 ಸೆಂಟಿಮೀಟರಿಗೆ 1 ಮೀಟರ್ ಲೆಕ್ಕದಲ್ಲಿ ಅ, ಬ ಗುರುತು ಹಾಕಿ, ಕೈವಾರದಿಂದ ಎರಡು ಕಮಾನು ಎಳೆದರೆ ಅವು ಕೂಡುವ ಕಡೆ ಕಲ್ಲು. ಇಡೀ ವೃತ್ತ, ಬಿಂದುಗಳ ಸಮೇತ, ಎ3 ಹಾಳೆಯಲ್ಲಿ ಹಿಡಿಯುತ್ತದೆ.

ತಪ್ಪು ಎಲ್ಲಿ ನುಸುಳುತ್ತದೆ ಅಂದರೆ, ಎರಡು ಕಮಾನು ತೀರಾ ಓರೆಯಾಗಿ ಕೂಡಿದಾಗ. ಕಲ್ಲಿನ ಹತ್ತಿರ ಅ ಮತ್ತು ಬ ಗೆರೆಗಳ ನಡುವಿನ ಕೋನ 30 ಡಿಗ್ರಿಗಿಂತ ಕಡಿಮೆಯೋ 150ಕ್ಕಿಂತ ಹೆಚ್ಚೋ ಇದ್ದರೆ, ಟೇಪಿನಲ್ಲಿ ಎರಡು ಸೆಂಟಿಮೀಟರ್ ಹೆಚ್ಚುಕಮ್ಮಿ ಆದದ್ದು ಹಾಳೆಯ ಮೇಲೆ ಅದರ ಎಷ್ಟೋ ಪಟ್ಟು ಆಗುತ್ತದೆ. ಬಿಂದುಗಳನ್ನು 3 ಮೀಟರ್ ದೂರಕ್ಕೆ ತಳ್ಳಲು ಹೇಳಿದ್ದು ಅದಕ್ಕೇ. ಅಷ್ಟಾದರೂ ಎದುರು ಬದಿಯಲ್ಲಿ ಕ ಅನ್ನುವ ಮೂರನೇ ಬಿಂದು ಇಟ್ಟುಕೊಂಡು ಪ್ರತಿ ಕಲ್ಲಿಗೂ ಮೂರನೇ ಅಳತೆ ತೆಗೆ, ಅದು 5 ಸೆಂಟಿಮೀಟರ್ ಒಳಗೆ ತಾಳೆಯಾಗದಿದ್ದರೆ ಆ ಕಲ್ಲನ್ನು ಮತ್ತೆ ಅಳೆ. ಇಳಿಜಾರಿನಲ್ಲಿ ಟೇಪನ್ನು ನೆಲದ ಮೇಲೆ ಹಾಸಬೇಡ, ಮಟ್ಟಸವಾಗಿ ಎತ್ತಿ ಹಿಡಿ. 10 ಡಿಗ್ರಿ ಇಳಿಜಾರಿನಲ್ಲಿ 10 ಮೀಟರಿಗೆ 15 ಸೆಂಟಿಮೀಟರ್ ಸುಳ್ಳು ಬರುತ್ತದೆ. ಗಾಳಿಗೆ ಟೇಪು ಬಾಗಿದರೂ ಅಳತೆ ಹೆಚ್ಚಾಗಿ ಬರುತ್ತದೆ.

ಪ್ರತಿ ಕಲ್ಲಿಗೂ ಒಂದು ಸಾಲು ಬರೆ: ಉದ್ದ, ಅಗಲ, ನೆಲದಿಂದ ಎತ್ತರ, ಯಾವ ಕಡೆ ವಾಲಿದೆ, ಯಾವ ಕಲ್ಲು, ಮೈಮೇಲೆ ಏನು ಗುರುತು. ಗುರುತುಗಳನ್ನು ಓದುವುದರಲ್ಲಿ ನನಗೆ ತುಂಬಾ ಆಸಕ್ತಿ. ಸಾಲಾಗಿ ಚೌಕಾಕಾರದ ಬೆಣೆ ಕುಳಿಗಳಿದ್ದರೆ ಕಲ್ಲುಕುಟಿಗರು ಉಳಿ, ಸುತ್ತಿಗೆಯಿಂದ ಸೀಳಿದ್ದು. ನೇರವಾದ ಉರುಟು ತೂತುಗಳ ಅರ್ಧಭಾಗ ಕಂಡರೆ ಯಂತ್ರ ಬಂದ ಮೇಲಿನದು. ಮುರಿದ ಮುಖದ ಮೇಲೆ ಕಲ್ಲುಹೂವು ಹಬ್ಬಿಲ್ಲದಿದ್ದರೆ ಈಚಿನ ಮುರಿತ. ಮಣ್ಣಿನೊಳಗಿದ್ದ ಭಾಗಕ್ಕೆ ಕೆಮ್ಮಣ್ಣಿನ ಕಲೆ ಹತ್ತಿರುತ್ತದೆ, ಕಲ್ಲುಹೂವು ಇರುವುದಿಲ್ಲ. ಆ ಕಲೆಯ ಗೆರೆ ಈಗ ಮೇಲಕ್ಕೋ ಪಕ್ಕಕ್ಕೋ ತಿರುಗಿದ್ದರೆ ಯಾರೋ ಆ ಕಲ್ಲನ್ನು ಉರುಳಿಸಿದ್ದಾರೆ ಅಂತ ಅರ್ಥ. ಆಗ ಅದು ಮೂಲ ಜಾಗದಲ್ಲಿಲ್ಲ ಅಂತ ನಕ್ಷೆಯಲ್ಲಿ ಚುಕ್ಕೆಗೆರೆಯಿಂದ ಬರೆ. ಬಿದ್ದ ಕಲ್ಲನ್ನು ಎಬ್ಬಿಸಿ ನಿಲ್ಲಿಸುವ ಮನಸ್ಸು ಎಲ್ಲರಿಗೂ ಬರುತ್ತದೆ, ಒಳ್ಳೆಯ ಮನಸ್ಸೇ, ಆದರೆ ಹಾಗೆ ಮಾಡಬೇಡ. ಎಲ್ಲಿ ಬಿದ್ದಿದೆ, ಯಾವ ಕಡೆಗೆ ಬಿದ್ದಿದೆ ಅನ್ನುವುದರಿಂದಲೇ ಮುಂದೆ ನೋಡುವವರು ಅದರ ಮೂಲ ಕುಳಿಯನ್ನು ಕಂಡುಹಿಡಿಯಬೇಕು.

ವೃತ್ತದ ಅರ್ಧವೇ ಉಳಿದಿದ್ದರೆ ಪೂರ್ತಿ ಅಡ್ಡಳತೆ ಹೀಗೆ ತೆಗೆ. ಉಳಿದ ಕಮಾನಿನ ಎರಡು ಕಲ್ಲುಗಳ ನಡುವೆ ದಾರ ಕಟ್ಟು, ಅದರ ಉದ್ದ ಅಳೆ. ದಾರದ ನಟ್ಟನಡುವಿನಿಂದ ಕಮಾನಿನ ಕಲ್ಲಿಗೆ ನೇರವಾಗಿ ಎಷ್ಟು ದೂರ ಅಂತ ಅಳೆ. ದಾರದ ಉದ್ದದ ವರ್ಗವನ್ನು ಆ ದೂರದ ಎಂಟರಷ್ಟರಿಂದ ಭಾಗಿಸಿ, ಅದಕ್ಕೆ ಆ ದೂರದ ಅರ್ಧ ಕೂಡಿಸಿದರೆ ತ್ರಿಜ್ಯ. ದಾರ 6 ಮೀಟರ್, ನಡುವಿನ ದೂರ 1 ಮೀಟರ್ ಆದರೆ 36ನ್ನು 8ರಿಂದ ಭಾಗಿಸಿ 4.5, ಅದಕ್ಕೆ ಅರ್ಧ ಸೇರಿ 5 ಮೀಟರ್. ಅಂದರೆ ಅಡ್ಡಳತೆ 10, ಸುತ್ತಳತೆ 31.4. ಉಳಿದ ಕಲ್ಲುಗಳು ಸರಾಸರಿ 90 ಸೆಂಟಿಮೀಟರ್ ಅಗಲವಿದ್ದು ನಡುವೆ 10 ಸೆಂಟಿಮೀಟರ್ ಸಂದು ಇದ್ದರೆ ಮೊದಲು ಸುಮಾರು 31 ಕಲ್ಲು ಇದ್ದಿರಬೇಕು. ಈಗ 19 ಇದ್ದರೆ ಹನ್ನೆರಡು ಹೋಗಿವೆ. ಪುರಾತತ್ವ ಇಲಾಖೆಗೆ ಬರೆಯುವಾಗ "ಕಲ್ಲುಗಳು ಕಾಣೆಯಾಗಿವೆ" ಅನ್ನುವುದಕ್ಕೂ ಈ ಲೆಕ್ಕ ಕೊಡುವುದಕ್ಕೂ ಬಹಳ ವ್ಯತ್ಯಾಸವಿದೆ. ಅಡ್ಡಳತೆಯನ್ನು ಒಂದೇ ಕಡೆ ತೆಗೆಯಬೇಡ: ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮ, ಮತ್ತೆ ಎರಡು ಮೂಲೆ ದಿಕ್ಕು. ಹೊರ ಅಂಚಿನಿಂದ ತೆಗೆದದ್ದೋ ಒಳ ಅಂಚಿನಿಂದಲೋ ಅಂತಲೂ ಬರೆ. ಕೈವಾರದಲ್ಲಿ ಎಳೆದಂಥ ವೃತ್ತ ಸಿಗುವುದು ಕಡಿಮೆ.

ದಿಕ್ಕಿನ ವಿಷಯಕ್ಕೆ ಬಂದರೆ, ನಮ್ಮ ಸೀಮೆಯಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಅಂತರ 2 ಡಿಗ್ರಿಗಿಂತ ಕಡಿಮೆ, ಅದರ ಚಿಂತೆ ಬೇಡ. ಚಿಂತೆ ಬೇಕಾದದ್ದು ಕರಿಕಲ್ಲಿನದು. ಕೃಷ್ಣಗಿರಿ ಕಡೆ ಡೊಲೆರೈಟ್ ಅನ್ನುವ ಈ ಕರಿಕಲ್ಲಿನ ಪಟ್ಟಿಗಳು ಗ್ರಾನೈಟನ್ನು ಸೀಳಿಕೊಂಡು ಹೋಗುತ್ತವೆ, ಅದರಲ್ಲಿರುವ ಅಯಸ್ಕಾಂತ ಗುಣದ ಖನಿಜ ಮುಳ್ಳನ್ನು ಎಳೆಯುತ್ತದೆ. ಮೊಬೈಲು, ಮುಳ್ಳುತಂತಿ, ಕುಡುಗೋಲು ಕೂಡ ಎಳೆಯುತ್ತವೆ. ಅ ಇಂದ ಬ ಕಡೆಗೆ, ಮತ್ತೆ ಬ ಇಂದ ಅ ಕಡೆಗೆ ನೋಡಿ, ಎರಡು ಅಳತೆಗೂ 180 ಡಿಗ್ರಿ ವ್ಯತ್ಯಾಸ ಇದೆಯೇ ಅಂತ ಪರೀಕ್ಷಿಸು. ಕಿಂಡಿ ಉಳಿದಿದ್ದರೆ ಅದರ ಮುಖದ ದಿಕ್ಕನ್ನು ಡಿಗ್ರಿಯಲ್ಲಿ ಬರೆ. ಹೊಸೂರಿನ ಅಕ್ಷಾಂಶದಲ್ಲಿ ವರ್ಷವಿಡೀ ಸೂರ್ಯ ಹುಟ್ಟುವ ಜಾಗ ಸುಮಾರು 66ರಿಂದ 114 ಡಿಗ್ರಿಯೊಳಗೆ ಓಡಾಡುತ್ತದೆ. ಪೂರ್ವಕ್ಕೆ ಮುಖವಿರುವ ಯಾವ ಕಿಂಡಿಯಾದರೂ ಇದರೊಳಗೆ ಬೀಳುವ ಸಂಭವವೇ ಹೆಚ್ಚು, ಅಷ್ಟಕ್ಕೇ ಅದನ್ನು ಖಗೋಳ ವೀಕ್ಷಣಾಲಯ ಅಂತ ಸಾರಬೇಡ. ಹತ್ತಾರು ಕಿಂಡಿಗಳ ಅಳತೆ ಸೇರಿದ ಮೇಲೆ ಮಾತಾಡುವ ವಿಷಯ ಅದು, ಸೇರಲಿಕ್ಕೆ ನಿನ್ನದೂ ಒಂದು ಬೇಕು.

ಫೋಟೋ ಎಂಟು ದಿಕ್ಕಿನಿಂದ ತೆಗೆ, ಪ್ರತಿಯೊಂದರಲ್ಲೂ ಕೆಂಪು-ಬಿಳಿ ಕೋಲು ಇರಲಿ. ಮೂರು ಆಯಾಮದ ಮಾದರಿ ಮಾಡುವ ಆಸೆಯಿದ್ದರೆ ಮೋಡ ಕವಿದ ಹೊತ್ತು ನೋಡಿ, ಒಂದರಲ್ಲಿ ಕಂಡದ್ದರ ಮುಕ್ಕಾಲು ಪಾಲು ಮುಂದಿನದರಲ್ಲೂ ಬರುವ ಹಾಗೆ, ಎದೆಯೆತ್ತರದಿಂದ ಒಂದು ಸುತ್ತು, ಕೈ ಎತ್ತಿ ಇನ್ನೊಂದು ಸುತ್ತು ತೆಗೆ. ನೂರು ಫೋಟೋ ಸಾಕಾಗುತ್ತದೆ.

ಮಡಕೆ ಚೂರು ಕಂಡರೆ ಎತ್ತಿಕೊಳ್ಳಬೇಡ. ಇದ್ದಲ್ಲೇ ಫೋಟೋ, ಯಾವ ಕಲ್ಲಿನಿಂದ ಎಷ್ಟು ದೂರ ಅನ್ನುವ ಅಳತೆ, ಅಷ್ಟೇ. ಒಳಮೈ ಮತ್ತು ಬಾಯಂಚು ಕಪ್ಪು, ಹೊರಮೈ ಕೆಂಪು ಇರುವ ಚೂರು ಸಿಕ್ಕರೆ ಅದು ಈ ಕಾಲದ ಮುಖ್ಯ ಗುರುತು. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಒಳಗೂ ಬಾಯಿಯ ಹತ್ತಿರವೂ ಗಾಳಿ ಸಿಗದೆ ಕಪ್ಪಾಗುತ್ತದೆ, ಗಾಳಿ ಸಿಕ್ಕ ಹೊರಮೈ ಕೆಂಪಾಗುತ್ತದೆ ಅನ್ನುವುದು ಸಾಮಾನ್ಯವಾಗಿ ಕೊಡುವ ವಿವರಣೆ. ಇಂಥ ಚೂರುಗಳು ವೃತ್ತದ ನಡುವೆ ರಾಶಿಯಾಗಿ ಬಿದ್ದಿದ್ದರೆ ಸಂತೋಷಪಡಬೇಡ, ಯಾರೋ ಅಗೆದು ಎತ್ತಿ ಹಾಕಿದ್ದಾರೆ.

ಆ ಅಗೆತದ ಬಗ್ಗೆ ಬಿಚ್ಚಿ ಹೇಳಲೇಬೇಕು. ವೃತ್ತದ ನಡುವೆ ಗುಂಡಿ, ಅಂಚಿನಲ್ಲಿ ಮಣ್ಣಿನ ಗುಡ್ಡೆ, ಪಕ್ಕಕ್ಕೆ ಸರಿದ ಮುಚ್ಚುಗಲ್ಲು, ಒಣಗಿದ ನಿಂಬೆಹಣ್ಣು, ಕುಂಕುಮ ಕಂಡರೆ ಅದು ನಿಧಿ ಹುಡುಕುವವರ ಕೆಲಸ. ಕಾಣುವ ಪ್ರತಿಯೊಬ್ಬರಿಗೂ ಸ್ಪಷ್ಟವಾಗಿ ಹೇಳು: ಈ ಗೋರಿಗಳಲ್ಲಿ ಸಿಗುವುದು ಮೂಳೆ, ಮಣ್ಣಿನ ಪಾತ್ರೆ, ತುಕ್ಕು ಹಿಡಿದ ಕಬ್ಬಿಣ. ಕೊಡ ತುಂಬಿದ ಚಿನ್ನ ಇಲ್ಲ. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ್ದು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೂ ಕಲೆಕ್ಟರಿಗೆ ಬರೆದು ತಿಳಿಸಬೇಕು, ಮುಚ್ಚಿಟ್ಟರೆ ಶಿಕ್ಷೆಯಿದೆ. ಊರ ಹೆಸರು ಬರೆಯದೇ ಇದ್ದದ್ದು ಈ ನಿಧಿ ಹುಡುಕುವವರಿಗೆ ಹೆದರಿಯೇ. ನೀನೂ ಮೊಬೈಲ್ ಫೋಟೋದೊಳಗಿನ ಜಾಗದ ಮಾಹಿತಿ ತೆಗೆಯದೆ ಯಾವ ಗುಂಪಿಗೂ ಹಾಕಬೇಡ. ಅಕ್ಷಾಂಶ ರೇಖಾಂಶವನ್ನು ದಶಮಾಂಶದ ಐದು ಸ್ಥಾನದವರೆಗೆ ಬರೆದುಕೋ, ಐದನೇ ಸ್ಥಾನ ಅಂದರೆ ನೆಲದ ಮೇಲೆ ಸುಮಾರು 1 ಮೀಟರ್. ಮೊಬೈಲಿನ ತಪ್ಪೇ ಬಯಲಲ್ಲಿ 3ರಿಂದ 5 ಮೀಟರ್ ಇರುತ್ತದೆ, ಒಂದೇ ಓದಿಗೆ ನಂಬದೆ ಕೆಲವು ನಿಮಿಷ ಬಿಟ್ಟು ಬಿಟ್ಟು ತೆಗೆದ ಓದುಗಳ ಸರಾಸರಿ ಹಿಡಿ. ಅದು ಇಲಾಖೆಗೆ ಮಾತ್ರ.

ಜನರ ಜೊತೆ ಮಾತಾಡುವುದನ್ನು ಅಳತೆಗಿಂತ ಮೊದಲು ಮಾಡು. ಟೇಪು ಹಿಡಿದು ಹೊಲದಲ್ಲಿ ಓಡಾಡುವವರನ್ನು ಕಂಡರೆ ಜಮೀನು ಹಿಡಿಯಲು ಬಂದವರು ಅನ್ನುವ ಭಯ ಈಗ ನಮ್ಮ ಕಡೆ ಎಲ್ಲ ಊರಲ್ಲೂ ಇದೆ, ಆ ಭಯ ನ್ಯಾಯವಾದದ್ದೇ. ಜಮೀನಿನವರ ಮನೆಗೆ ಹೋಗಿ, ಕೂತು, ಏನು ಮಾಡುತ್ತೇವೆ ಅಂತ ಹೇಳಿ ಒಪ್ಪಿಗೆ ತಗೋ. ಕನ್ನಡದವರ ಹತ್ತಿರ "ಪಾಂಡವರ ಗುಡಿ" ಅಂತ ಕೇಳು, ತೆಲುಗಿನವರ ಹತ್ತಿರ "ಪಾಂಡವುಲ ಗುಡ್ಲು", ತಮಿಳಿನವರ ಹತ್ತಿರ "ಪಾಂಡವರ್ ವೀಡು" ಅಥವಾ "ಕಲ್ವಟ್ಟಂ". ಕುರಿ ಮೇಯಿಸುವ ಹಿರಿಯರಿಗೆ ತಿಳಿದಷ್ಟು ಯಾವ ನಕ್ಷೆಗೂ ತಿಳಿದಿರುವುದಿಲ್ಲ. 1:50,000 ಅಳತೆಯ ಸರ್ವೆ ನಕ್ಷೆಗಳಲ್ಲಿ, ಹೊಸೂರು ಕಡೆಗೆ 57 ಎಚ್, ಕೃಷ್ಣಗಿರಿ ಕಡೆಗೆ 57 ಎಲ್, ಗುಡ್ಡ ಕೆರೆ ಕಾಲುದಾರಿ ಸಿಗುತ್ತವೆ, 10 ಮೀಟರಿನ ವೃತ್ತ ಸಿಗುವುದಿಲ್ಲ. ಯಾವ ಕಲ್ಲು ಯಾವಾಗ ಎಲ್ಲಿಗೆ ಹೋಯಿತು ಅಂತ ಕೇಳುವಾಗ ತಪ್ಪು ಹೊರಿಸುವ ದನಿ ಬೇಡ. ಕೊಟ್ಟಿಗೆಯ ತಳಪಾಯದಲ್ಲಿರುವ ಕಲ್ಲನ್ನು ಅವರೇ ಕರೆದು ತೋರಿಸಿದರೆ, ಅದನ್ನೂ ಅಳೆದು ಬರೆದುಕೋ.

ಕಾನೂನಿನ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಬಹಳ ಕಡೆ ಇದೆ. ಹಳೆಯ ಸ್ಮಾರಕದ 100 ಮೀಟರ್ ಒಳಗೆ ಯಾರೂ ಏನೂ ಕಟ್ಟುವಂತಿಲ್ಲ, ಆಚೆಯ 200 ಮೀಟರಿಗೆ ಅನುಮತಿ ಬೇಕು ಅನ್ನುತ್ತಾರೆ. ಅದು 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ಸೇರಿದ ನಿಯಮ, ಕೇಂದ್ರದ ರಕ್ಷಿತ ಪಟ್ಟಿಯಲ್ಲಿರುವ ಸ್ಮಾರಕಗಳಿಗೆ ಮಾತ್ರ. ರಾಜ್ಯದ ಪಟ್ಟಿಗೆ 1966ರ ತಮಿಳುನಾಡು ಕಾಯ್ದೆಯಿದೆ, ಅದರಲ್ಲೂ ಅಧಿಸೂಚನೆ ಆಗಿರಬೇಕು. ಎರಡೂ ಪಟ್ಟಿಯಲ್ಲಿಲ್ಲದ ವೃತ್ತದ ಸುತ್ತ ಅಂಥ ಗೆರೆ ಯಾವುದೂ ಇಲ್ಲ. ಹಾಗಾಗಿ ಆ ನೆಲ ಯಾರದು ಅನ್ನುವುದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಸರ್ವೆ ನಂಬರ್ ಹಿಡಿದು ವಿ.ಎ.ಓ. (ಗ್ರಾಮ ಆಡಳಿತಾಧಿಕಾರಿ) ಕಚೇರಿಯಲ್ಲಿ ಪಟ್ಟಾ ನೆಲವೋ (ಖಾಸಗಿ), ಪೊರಂಬೋಕೋ (ಸರ್ಕಾರಿ) ಅಂತ ನೋಡು, ಎಫ್.ಎಂ.ಬಿ. ಅನ್ನುವ ಜಮೀನಿನ ಅಳತೆ ನಕ್ಷೆಯ ಪ್ರತಿ ತಗೋ. ಪೊರಂಬೋಕು ಆದರೆ ಅಪಾಯ ಗಣಿ ಗುತ್ತಿಗೆಯಿಂದ. ಪಟ್ಟಾ ಆದರೆ ಮಾವಿನ ತೋಟದಿಂದ: ಮೂರಡಿ ಉದ್ದ, ಅಗಲ, ಆಳದ ಗುಂಡಿಗಳನ್ನು ಸಾಲಾಗಿ ಯಂತ್ರದಲ್ಲಿ ತೋಡುವಾಗ ಒಂದು ಗುಂಡಿ ನೇರ ಪೆಟ್ಟಿಗೆಯ ಮೇಲೇ ಬೀಳಬಹುದು. ಗಿಡದ ಸಾಲನ್ನು ಕೆಲವು ಅಡಿ ಸರಿಸಿಕೊಳ್ಳಿ ಅಂತ ಜಮೀನಿನವರನ್ನು ಕೇಳಿಕೊಳ್ಳುವುದು ಯಾವ ಕಾಯ್ದೆಗಿಂತಲೂ ಬೇಗ ಫಲ ಕೊಡುತ್ತದೆ.

ಅರ್ಜಿ ತಮಿಳಿನಲ್ಲಿ ಇರಲಿ, ಒಂದೇ ಪುಟ: ಊರು, ಸರ್ವೆ ನಂಬರ್, ಅಕ್ಷಾಂಶ ರೇಖಾಂಶ, ಅಡ್ಡಳತೆ, ಈಗಿರುವ ಕಲ್ಲು, ಹೋದ ಕಲ್ಲಿನ ಅಂದಾಜು, ಎದುರಿಗಿರುವ ಅಪಾಯ. ಜೊತೆಗೆ ನಕ್ಷೆ, ನಾಲ್ಕು ಫೋಟೋ. ಒಂದು ಪ್ರತಿ ಚೆನ್ನೈನ ರಾಜ್ಯ ಪುರಾತತ್ವ ಇಲಾಖೆಗೆ, ಒಂದು ಕಲೆಕ್ಟರಿಗೆ, ಒಂದು ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ, ಸ್ಪೀಡ್ ಪೋಸ್ಟಿನಲ್ಲಿ. ತಮಿಳುನಾಡಿನಲ್ಲಿ ಗ್ರಾಮಸಭೆ ವರ್ಷಕ್ಕೆ ಆರು ದಿನ ಸೇರುತ್ತದೆ: ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಅಲ್ಲಿ "ಈ ಕಲ್ಲುಗಳನ್ನು ತೆಗೆಯಬಾರದು" ಅಂತ ಒಂದು ಠರಾವು ಬರೆಸಿದರೆ ಅಧಿಸೂಚನೆ ಬರುವವರೆಗೆ ಅದೇ ಆಸರೆ.

ಆ ಕಲ್ಲುಗಳಲ್ಲಿ ಒಂದಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದರೆ ಬೇಸರಪಡಬೇಡ. ಪೂಜೆ ಇರುವ ಕಲ್ಲನ್ನು ಯಾರೂ ಕೀಳುವುದಿಲ್ಲ. ಸುತ್ತ ಸಿಮೆಂಟ್ ಕಟ್ಟೆ, ಟೈಲ್ಸು, ಗುಡಿ ಕಟ್ಟುವ ಮಾತು ಬಂದಾಗ ಮಾತ್ರ ಹಿರಿಯರ ಹತ್ತಿರ ಕೂತು ಮಾತಾಡು. ತಳಪಾಯ ತೋಡಿದರೆ ಗೋರಿಯೇ ಹೋಗುತ್ತದೆ ಅಂತ ನಕ್ಷೆ ತೋರಿಸಿ ಹೇಳು, ಕಟ್ಟಡ ವೃತ್ತದಿಂದ ದೂರಕ್ಕೆ ಸರಿಯಲಿ ಅಂತ ಕೇಳು.

ಕೊನೆಯದಾಗಿ ಅ, ಬ, ಕ ಬಿಂದುಗಳ ವಿಷಯ. ಅವು ಎಲ್ಲಿವೆ ಅನ್ನುವುದನ್ನು ಹತ್ತಿರದ ಸರ್ವೆ ಕಲ್ಲಿನಿಂದಲೋ ಅಲುಗದ ಬಂಡೆಯಿಂದಲೋ ಅಳೆದು ಹಾಳೆಯ ಮೂಲೆಯಲ್ಲಿ ಬರೆದಿಡು, ದಿನಾಂಕ ಹಾಕು. ಮುಂದಿನ ವರ್ಷ ಬೇರೆ ಯಾರೇ ಹೋದರೂ ಅದೇ ಬಿಂದುಗಳಲ್ಲಿ ನಿಂತು ಅಳೆಯುವಂತಿರಬೇಕು. ಮೂಲ ಹಾಳೆ ನಿನ್ನ ಹತ್ತಿರ ಇರಲಿ, ಒಂದು ಜೆರಾಕ್ಸ್ ಊರ ಶಾಲೆಗೆ ಕೊಡು, ಒಂದು ನನಗೆ ಕಳಿಸು. ಮೂರನೇ ಅಳತೆ ತಾಳೆಯಾಗದ ಕಲ್ಲುಗಳ ನಂಬರನ್ನೂ ಬರೆ, ಅವುಗಳ ಲೆಕ್ಕ ಇಬ್ಬರೂ ಕೂತು ನೋಡೋಣ.

ಇಂತಿ ನಿನ್ನ
ಗೆಳೆಯ